ಬ್ಲೇಜ್‌ಗೆ ಶ್ರುತಿ ಇಳಿಸಲಿಲ್ಲ

ಐರನ್ ಮೇಡನ್ ಬಗ್ಗೆ ಮಾತು ಶುರುವಾದರೆ ಸಾಕು, 'ಬ್ರೂಸ್ ಇಲ್ಲದ ಆ ವರ್ಷಗಳನ್ನ ಬಿಟ್ಟಾಕು ಗುರೂ' ಅನ್ನೋರು ಒಬ್ಬರಾದರೂ ಇರ್ತಾರೆ. ನನಗೋ, ಆ ಬ್ಯಾಂಡಿನ ಗುಣವೂ ದೋಷವೂ ಗೊತ್ತಾಗೋದೇ ಅಲ್ಲಿ.

1975ರಲ್ಲಿ ಲಂಡನ್ನಿನಲ್ಲಿ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಕಟ್ಟಿದ ತಂಡ. ಅಂದಿನಿಂದ ಇಂದಿನವರೆಗೂ ಬಿಡದೆ ಇರುವವನು ಅವನೊಬ್ಬನೇ. ಮೊದಲೆರಡು ಆಲ್ಬಮ್ಮುಗಳ ಗಾಯಕ ಪಾಲ್ ಡಿಯಾನೊ 1981ರಲ್ಲಿ ಹೊರಟ, ಬ್ರೂಸ್ ಡಿಕಿನ್ಸನ್ ಬಂದ. ಮುಂದಿನ ಹಾಡುಗಳೆಲ್ಲ ಅವನ ಏರುದನಿಯನ್ನೇ ನಂಬಿಕೊಂಡು ಹುಟ್ಟಿದವು. 1993ರಲ್ಲಿ ಅವನೂ ಬಿಟ್ಟಾಗ ಆ ಜಾಗಕ್ಕೆ ಬಂದವನು ಬ್ಲೇಜ್ ಬೇಯ್ಲಿ. ತಗ್ಗಿನಲ್ಲಿ ಚೆಂದ ಹಾಡುವ, ದಪ್ಪ ಕಂಠದ ಮನುಷ್ಯ. ಸ್ಟೇಜಿನ ಮೇಲೆ ಮಾತ್ರ ಬ್ರೂಸನ ಹಾಡುಗಳನ್ನು ಬ್ರೂಸನ ಶ್ರುತಿಯಲ್ಲೇ ಹಾಡಬೇಕಿತ್ತು! ನಮ್ಮ ಕಛೇರಿಗಳಲ್ಲಿ ಹಾಡುವವರ ಕಂಠ ನೋಡಿ ಶ್ರುತಿ ಹಿಡೀತಾರೆ. ಮೇಡನ್ ಅಷ್ಟು ಸಣ್ಣ ಉಪಕಾರವನ್ನೂ ಮಾಡಲಿಲ್ಲ. ಗಂಟಲು ಕೈಕೊಟ್ಟು ಶೋಗಳು ರದ್ದಾದವು, ಬೈಗುಳ ಪೂರಾ ಬ್ಲೇಜ್ ಪಾಲಿಗೆ.

1995ರ 'ದಿ ಎಕ್ಸ್ ಫ್ಯಾಕ್ಟರ್' ಆಲ್ಬಮ್ಮಿನ ಮೊದಲ ಹಾಡು 'ಸೈನ್ ಆಫ್ ದಿ ಕ್ರಾಸ್' ಕೇಳಿ. ಹನ್ನೊಂದು ನಿಮಿಷ. ಚರ್ಚಿನ ಪ್ರಾರ್ಥನೆಯಂಥ ಗುಂಪುದನಿಯಿಂದ ನಿಧಾನಕ್ಕೆ ಏಳುತ್ತೆ, ಆಮೇಲೆ ಬ್ಲೇಜ್ ಆ ಕತ್ತಲೆಯೊಳಗಿಂದಲೇ ಮಾತಾಡಿದ ಹಾಗೆ ಹಾಡ್ತಾನೆ. 1998ರ 'ವರ್ಚುವಲ್ ಇಲೆವೆನ್' ಪರವಾಗಿ ನಾನು ಇಷ್ಟು ವಾದ ಮಾಡಲ್ಲ. ಅದರಲ್ಲಿರೋ 'ದಿ ಏಂಜಲ್ ಅಂಡ್ ದಿ ಗ್ಯಾಂಬ್ಲರ್' ಹಾಕಿಟ್ಟು ಕಾಫಿ ಮಾಡ್ಕೊಂಡು ಬನ್ನಿ, ಅದೇ ಸಾಲು ಇನ್ನೂ ಓಡ್ತಿರುತ್ತೆ.

1999ರಲ್ಲಿ ಬ್ಲೇಜ್ ಹೊರಗೆ, ಬ್ರೂಸ್ ವಾಪಸ್. ಜೊತೆಗೆ ಹಳೇ ಗಿಟಾರಿಸ್ಟ್ ಏಡ್ರಿಯನ್ ಸ್ಮಿತ್ ಕೂಡ. ಹಾಗಾದರೆ 1990ರಲ್ಲಿ ಸ್ಮಿತ್ ಜಾಗಕ್ಕೆ ಬಂದಿದ್ದ ಯಾನಿಕ್ ಗರ್ಸ್ ಗತಿ? ಬೇರೆ ಯಾವ ಬ್ಯಾಂಡ್ ಆಗಿದ್ದರೂ ಕೈಕುಲುಕಿ ಕಳಿಸಿರೋರು. ಇವರು ಮೂರು ಗಿಟಾರ್ ಇಟ್ಟುಕೊಂಡರು. ಎಲ್ಲ ಹಾಡಿಗೂ ಮೂರು ಬೇಕಾ? ಖಂಡಿತ ಬೇಡ. ಎಷ್ಟೋ ಕಡೆ ಮೂರನೆಯದು ಕೇಳಿಸೋದೂ ಇಲ್ಲ. ಆದರೆ ಗರ್ಸ್‌ಗೆ ತೋರಿಸಿದ ಈ ಔದಾರ್ಯದಲ್ಲಿ ಕಾಲುಭಾಗ ಬ್ಲೇಜ್‌ಗೆ ಸಿಕ್ಕಿದ್ದರೆ ಆ ಎರಡು ಆಲ್ಬಮ್ಮುಗಳ ಹಣೆಬರಹವೇ ಬೇರೆ ಇರ್ತಿತ್ತು.

2001ರ ರಿಯೋ ಕಾನ್ಸರ್ಟಿನಲ್ಲಿ 'ಸೈನ್ ಆಫ್ ದಿ ಕ್ರಾಸ್' ಹಾಡಿದವನು ಬ್ರೂಸ್. ಏರುವಲ್ಲಿ ಮೈ ಜುಂ ಅನ್ನುತ್ತೆ, ಒಪ್ಪಿದೆ. ಶುರುವಿನ ತಗ್ಗು ಸಾಲುಗಳಿಗೆ ಮಾತ್ರ ಈಗಲೂ ಬ್ಲೇಜೇ ಬೇಕು. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದದ್ದು ಮೂರು ಗಿಟಾರಿನ ಇದೇ ತಂಡ. ಡ್ರಮ್ಸ್‌ನಲ್ಲಿ 1982ರಿಂದ ಇದ್ದ ನಿಕೋ ಮೆಕ್‌ಬ್ರೇನ್. ನಿಕೋ 2024ರ ಡಿಸೆಂಬರಿನಲ್ಲಿ ಟೂರ್‌ಗಳಿಂದ ನಿವೃತ್ತನಾದ. ಅಲ್ಲೀಗ ಸೈಮನ್ ಡಾಸನ್ ಕೂತಿದ್ದಾನೆ. 'ನಿಕೋ ಥರ ಇಲ್ಲ' ಅನ್ನೋರು ಇದ್ದೇ ಇರ್ತಾರೆ. ಇವನನ್ನಾದರೂ ಇವನ ಹಾಗೆ ಬಾರಿಸೋಕೆ ಹ್ಯಾರಿಸ್ ಬಿಡ್ತಾನಾ ಅಂತ ಕಾಯ್ತಿದ್ದೀನಿ.