ಒರಟುತನವೂ ಒದ್ದೆಯಾಗುವಿಕೆಯೂ: ಎರಡು ಸಮೀಕರಣಗಳ ವಿಮರ್ಶೆ

ಕೆಸುವಿನ ಎಲೆಯ ಮೇಲೆ ಮಳೆಹನಿ ಮುತ್ತಿನಂತೆ ಉರುಳುವುದಕ್ಕೆ ಎಲೆಯ ಮೇಣವೊಂದೇ ಕಾರಣವಲ್ಲ. ಆ ಮೇಣವು ಕಣ್ಣಿಗೆ ಕಾಣದ ಉಬ್ಬುತಗ್ಗುಗಳ ಮೇಲೆ ಹರಡಿರುವುದೂ ಕಾರಣ. ಘನವಸ್ತುವಿನ ಮೈಯೊಡನೆ ಹನಿಯ ಅಂಚು ಮಾಡುವ ಸ್ಪರ್ಶಕೋನವನ್ನು 1805ರಲ್ಲಿ ಯಂಗ್ ವಿವರಿಸಿದುದು ನುಣುಪಾದ ಆದರ್ಶ ಮೈಗೆ. ಒರಟು ಮೈಗಾದರೋ ನಮ್ಮ ತರಗತಿಗಳಲ್ಲಿ ಎರಡು ಸಮೀಕರಣಗಳು ಪ್ರಚಾರದಲ್ಲಿವೆ.

ಮೊದಲನೆಯದು 1936ರಲ್ಲಿ ವೆಂಜೆಲ್ ನೀಡಿದುದು. ಒರಟು ಮೈಯ ನಿಜವಾದ ವಿಸ್ತೀರ್ಣವನ್ನು ಮೇಲ್ನೋಟದ ವಿಸ್ತೀರ್ಣದಿಂದ ಭಾಗಿಸಿ, ಬಂದ ಪ್ರಮಾಣದಿಂದ ನುಣುಪು ಮೈಯ ಕೋನದ ಕೊಸೈನನ್ನು ಗುಣಿಸಬೇಕು. ಆ ಪ್ರಮಾಣವು 1.5 ಆದರೆ 60 ಡಿಗ್ರಿಯ ಕೋನ 41ಕ್ಕೆ ಇಳಿಯುತ್ತದೆ. 110 ಡಿಗ್ರಿಯದು 121ಕ್ಕೆ ಏರುತ್ತದೆ. ನೀರನ್ನು ಒಲಿದದ್ದು ಇನ್ನಷ್ಟು ಒಲಿಯುತ್ತದೆ, ಒಲ್ಲದ್ದು ಇನ್ನಷ್ಟು ಒಲ್ಲದಾಗುತ್ತದೆ. ಎರಡನೆಯದನ್ನು 1944ರಲ್ಲಿ ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಪ್ರತಿಪಾದಿಸಿದರು. ಬಾತುಕೋಳಿಯ ಗರಿಯಲ್ಲಿರುವಂತೆ ಹನಿಯ ಕೆಳಗೆ ಗಾಳಿ ಉಳಿದುಕೊಂಡಾಗ ಇದು ಅನ್ವಯಿಸುತ್ತದೆ. ಹನಿಯ ತಳದ ಹತ್ತನೆಯ ಒಂದು ಪಾಲು ಮಾತ್ರ ಘನಕ್ಕೆ ತಾಗಿದ್ದರೆ ಅದೇ 110 ಡಿಗ್ರಿಯು 159ಕ್ಕೆ ಹೋಗುತ್ತದೆ.

ಎರಡರಲ್ಲಿಯೂ ಲೆಕ್ಕಕ್ಕೆ ಬರುವುದು ವಿಸ್ತೀರ್ಣ. ಯಾವ ಜಾಗದ ವಿಸ್ತೀರ್ಣ ಎಂದು ವಿದ್ಯಾರ್ಥಿಯೂ ಕೇಳುವುದಿಲ್ಲ, ಅಧ್ಯಾಪಕರೂ ಹೇಳುವುದಿಲ್ಲ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. 2007ರಲ್ಲಿ ಗಾವೋ ಮತ್ತು ಮೆಕಾರ್ಥಿ ಎಂಬ ಸಂಶೋಧಕರು ನೀರನ್ನು ಬಲವಾಗಿ ವಿಕರ್ಷಿಸುವ ಒರಟು ಮೈಯ ನಡುವೆ ನುಣುಪಾದ ಒಂದು ಚುಕ್ಕೆಯನ್ನು ಮಾಡಿ, ಚುಕ್ಕೆಯನ್ನು ಪೂರ್ತಿ ಮುಚ್ಚುವಷ್ಟು ದೊಡ್ಡ ಹನಿಯನ್ನಿಟ್ಟರು. ತಳದ ಸರಾಸರಿಯಂತೆ ಕೋನವು ತಗ್ಗಬೇಕಾಗಿತ್ತು, ತಗ್ಗಲಿಲ್ಲ. ಚುಕ್ಕೆಯೇ ಇಲ್ಲವೆಂಬಂತೆ ಹನಿ ನಿಂತಿತು. ಹನಿಯ ಹೊಟ್ಟೆಯಡಿ ಏನಿದೆಯೆಂಬುದನ್ನು ಅದರ ಅಂಚು ಅರಿಯದು. ಗಾಳಿ, ನೀರು, ಘನ ಈ ಮೂರೂ ಕೂಡುವ ರೇಖೆಯಲ್ಲಿ ಏನಿದೆಯೋ ಅದೇ ಕೋನವನ್ನು ನಿರ್ಧರಿಸುತ್ತದೆ.

ಇದರಿಂದ ವೆಂಜೆಲ್, ಕ್ಯಾಸಿ ಇಬ್ಬರೂ ತಪ್ಪಿದರೆಂದು ಆ ಲೇಖಕರು ಶೀರ್ಷಿಕೆಯಲ್ಲಿಯೇ ಸಾರಿದರು. ಪ್ರಯೋಗವು ಸೊಗಸಾದುದು, ತೀರ್ಪು ಮಾತ್ರ ಅತಿಯಾಯಿತೆಂದು ನಮ್ಮ ಅಭಿಪ್ರಾಯ. ಅದೇ ವರ್ಷ ಮೆಕ್‌ಹೇಲ್ ತೋರಿಸಿದಂತೆ, ಒರಟುತನದ ಪ್ರಮಾಣವನ್ನು ಅಂಚಿನ ನೆರೆಯಲ್ಲಿಯೇ ಎಣಿಸಿದರೆ ಸಮೀಕರಣಗಳು ನಿಲ್ಲುತ್ತವೆ. ಮೈಯೆಲ್ಲ ಒಂದೇ ಬಗೆಯ ಉಬ್ಬುತಗ್ಗುಗಳಿಂದ ಕೂಡಿದ್ದು, ಹನಿಯು ಅವುಗಳಿಗಿಂತ ಬಹಳ ದೊಡ್ಡದಾಗಿದ್ದರೆ ಅಂಚಿನ ಲೆಕ್ಕವೂ ತಳದ ಲೆಕ್ಕವೂ ಒಂದೇ ಆಗುತ್ತವೆ. ದೋಷವಿರುವುದು ಸೂತ್ರದಲ್ಲಿ ಅಲ್ಲ, ಈ ನಿಬಂಧನೆಯನ್ನು ಬಿಟ್ಟು ಸೂತ್ರವನ್ನಷ್ಟೇ ಬರೆಯಿಸುವ ನಮ್ಮ ಬೋಧನಾಕ್ರಮದಲ್ಲಿ.

ನಿಬಂಧನೆಯನ್ನು ಸೇರಿಸಿದ ಮೇಲೂ ಈ ಸೂತ್ರಗಳು ಹೇಳದ ಸಂಗತಿಯೊಂದು ಉಳಿಯುತ್ತದೆ. ಗುಲಾಬಿಯ ಎಸಳಿನ ಮೇಲೆ ನೀರಿನ ಸ್ಪರ್ಶಕೋನವು 150 ಡಿಗ್ರಿಯನ್ನು ಮೀರುತ್ತದೆಂದು 2008ರಲ್ಲಿ ವರದಿಯಾಯಿತು. ತಾವರೆಯ ಎಲೆಯದೂ ಹಾಗೆಯೇ. ಆದರೆ ತಾವರೆಯೆಲೆಯನ್ನು ತುಸು ಓರೆಮಾಡಿದರೆ ಹನಿ ಜಾರಿಹೋಗುತ್ತದೆ. ಎಸಳನ್ನು ತಲೆಕೆಳಗು ಮಾಡಿದರೂ ಚಿಕ್ಕ ಹನಿ ಅಂಟಿಕೊಂಡೇ ಇರುತ್ತದೆ. ಒಂದೇ ಕೋನ, ಎರಡು ನಡತೆ. ಆದುದರಿಂದ ಪ್ರಯೋಗಶಾಲೆಯಲ್ಲಿ ಹನಿ ಮುಂದೊತ್ತುವಾಗಿನ ಕೋನವನ್ನೂ ಹಿಂದೆ ಸರಿಯುವಾಗಿನ ಕೋನವನ್ನೂ ಬೇರೆಬೇರೆಯಾಗಿ ಅಳೆಯಿಸತಕ್ಕದ್ದು. ಅಂಟುವಿಕೆಯ ಸುಳಿವು ಸಿಗುವುದು ಅವೆರಡರ ಅಂತರದಲ್ಲಿ.