ಮೈಸೂರು ದುರ್ಗಗಳ ಯುದ್ಧಚಿತ್ರಗಳು

ಮೈಸೂರಿನ ಪ್ರಸ್ಥಭೂಮಿಯಿಂದ ಪಾಲಾರಿನ ಕಣಿವೆಯನ್ನು ಹಿಡಿದು ಕಾವೇರಿಪುರಕ್ಕೆ ಇಳಿಯುವ ಮಾರ್ಗವು ಬಹು ಹಳೆಯದು. ಇಂತಹ ಘಟ್ಟಗಳನ್ನೂ ಅವುಗಳಾಚೆಯ ಗಿರಿಗಳನ್ನೂ ಕಾಯುತ್ತಿದ್ದ ಕೋಟೆಗಳ ಪುರಾತನ ಪಟಗಳನ್ನು ಕೂಡಿಡುವವರು ಅವನ್ನು ಹೈದರ್ ಟೀಪುಗಳ ‘ಯುದ್ಧಕಾಲದ ಛಾಯಾಚಿತ್ರ’ಗಳೆಂದು ಕರೆಯುವುದುಂಟು. ಈ ಹೆಸರು ಸಲ್ಲದು. ಶ್ರೀರಂಗಪಟ್ಟಣವು ಬಿದ್ದುದು 1799ನೆಯ ಮೇ 4ರಂದು. ಛಾಯಾಗ್ರಹಣವಿದ್ಯೆಯು ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ನಡುವಣ ನಾಲ್ವತ್ತು ವರ್ಷಗಳನ್ನು ಸಂಗ್ರಾಹಕನ ಉತ್ಸಾಹವು ದಾಟಲಾರದು.

ಈ ಸೀಮೆಗೆ ಸಮೀಪದ ನಿದರ್ಶನವು ರಾಯಕೋಟೆ. ಕಾರ್ನ್‌ವಾಲಿಸನ ಸೈನ್ಯವು ಅದನ್ನು 1791ನೆಯ ಜುಲೈ ತಿಂಗಳಲ್ಲಿ ಹಿಡಿಯಿತು. ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿದ್ದ ಲಿನಿಯಸ್ ಟ್ರೈಪನು ಪ್ರಕಟಿಸಿದ ರಾಯಕೋಟೆಯ ಚಿತ್ರಗಳ ಸಂಪುಟವಾದರೋ 1858ರದು. ಮೇಣ ಹಿಡಿಸಿದ ಕಾಗದದ ಮೇಲೆ ಬಿಂಬವು ಮೂಡಲು ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಅಲುಗಾಡುವ ಮನುಷ್ಯನು ಅಳಿಸಿಹೋಗುವನು, ಅಲುಗದ ಕಲ್ಲು ಮಾತ್ರ ನಿಲ್ಲುವುದು. ಆದುದರಿಂದ ಟ್ರೈಪನ ಪಟಗಳು ಯುದ್ಧಕ್ಕಲ್ಲ, ಶಿಥಿಲತೆಗೆ ಸಾಕ್ಷಿ. ಆ ವಿಷಯದಲ್ಲಿ ಅವುಗಳ ಬೆಲೆ ಬಹು ದೊಡ್ಡದು. ಛಾಯಾಚಿತ್ರವು ಸುಳ್ಳಾಡದೆಂಬ ನಂಬಿಕೆಯಾದರೂ ಪೂರ್ತಿಯಾಗಿ ನಿಲ್ಲದು: ಬರಿದಾದ ಆಕಾಶದಲ್ಲಿ ಮುಗಿಲುಗಳನ್ನು ಮೂಲಪ್ರತಿಯ ಮೇಲೆಯೇ ಬಣ್ಣದಿಂದ ತಿದ್ದುವುದು ಟ್ರೈಪನ ರೂಢಿಯಾಗಿತ್ತು.

ಯುದ್ಧವನ್ನು ಕಣ್ಣಾರೆ ಕಂಡವರು ಬೇರೆ. ರಾಬರ್ಟ್ ಹೋಮನು ಕಾರ್ನ್‌ವಾಲಿಸನ ದಂಡಿನೊಡನೆ ನಡೆದ ಚಿತ್ರಕಾರ. ಅಲೆಗ್ಸಾಂಡರ್ ಅಲನನು ಸೇನಾಧಿಕಾರಿ. ಸಾವನದುರ್ಗವು 1791ನೆಯ ಡಿಸೆಂಬರ್ 21ರಂದು ಕೈಸೇರಿತು. ಇಬ್ಬರ ಚಿತ್ರಮಾಲೆಗಳೂ 1794ರಲ್ಲಿ ಅಚ್ಚಾದುವು. ಹೋಮನಿಗೆ ರಮ್ಯತೆಯ ಚಪಲವುಂಟು. ಬಂಡೆಯನ್ನು ಭೀಕರವಾಗಿಸುವುದು ಅಂದಿನ ವಿಲಾಯತಿಯ ಅಭಿರುಚಿ. ಕೆತ್ತನೆಗಾರನ ಕೈಯೂ ನಡುವೆ ಬಂದಿದೆ. ಆದರೂ ಪಾಳೆಯವು ಬಿಟ್ಟಿದ್ದ ದಿನಗಳಲ್ಲಿ ಅಲ್ಲಿ ನಿಂತು ನೋಡಿದ ಕಣ್ಣು ಅದು. ಕೆತ್ತನೆಯನ್ನು ಕಲ್ಪನೆಯೆಂದು ಬದಿಗಿಟ್ಟು ಛಾಯಾಚಿತ್ರಕ್ಕೇ ಹಣ ಸುರಿಯುವ ಸಂಗ್ರಾಹಕನು ಸಾಕ್ಷಿಯನ್ನು ಹೊರಗಟ್ಟಿ, ತಡವಾಗಿ ಬಂದವನನ್ನು ಕೂರಿಸಿಕೊಳ್ಳುತ್ತಾನೆ. ಎರಡನ್ನೂ ಎದುರುಬದುರಾಗಿಟ್ಟು, ಪ್ರತಿ ಪಟದ ಹಿಂದೆ ಘಟನೆಯ ವರ್ಷವನ್ನೂ ಚಿತ್ರದ ವರ್ಷವನ್ನೂ ಬೇರೆಬೇರೆಯಾಗಿ ಬರೆಯುವುದೇ ಯುಕ್ತ.

ಪಾಲಾರಿನ ದಾರಿಯ ಮಟ್ಟಿಗೆ ಇವೆರಡರ ಪಕ್ಕದಲ್ಲಿ ಒಂದು ಗದ್ಯವನ್ನೂ ಇಡಬೇಕು. ಫ್ರಾನ್ಸಿಸ್ ಬುಕಾನನನು 1800ರಲ್ಲಿ ಕೊಳ್ಳೇಗಾಲ, ಕೌದಳ್ಳಿಗಳ ಮೇಲೆ ಹಾದು ಕಾವೇರಿಪುರಕ್ಕಿಳಿದು ಬರೆದ ವೃತ್ತಾಂತವು 1807ರಲ್ಲಿ ಮುದ್ರಿತವಾಯಿತು. ಕೊಳ್ಳೇಗಾಲವು 1799ರಲ್ಲಿ ಕಂಪನಿಗೆ ಸೇರಿ, 1956ರವರೆಗೆ ಮದರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಯೊಳಗಿದ್ದಿತು; ರಾಯಕೋಟೆಯು ಸೇಲಂ ಜಿಲ್ಲೆಗೆ ಸೇರಿದ್ದಿತು. ಇವುಗಳ ಪಟಗಳನ್ನು ಮೈಸೂರೆಂಬ ಶೀರ್ಷಿಕೆಯಡಿಯಲ್ಲಿ ಮಾತ್ರ ಅರಸಿದರೆ ಸಾಲದು. ಮದರಾಸಿನ ಆ ಎರಡು ಜಿಲ್ಲೆಗಳ ಹೆಸರಿನಲ್ಲಿಯೂ ಹುಡುಕಬೇಕು.