ಸಂವೇದ ಯಾರ ವೇದ?

೨೦೨೦ರ ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಶುರುವಾದ ಪಾಠಗಳಿಗೆ ಸರ್ಕಾರ ಇಟ್ಟ ಹೆಸರು 'ಸಂವೇದ'. ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಎಂದ ಶಾಸ್ತ್ರದ ನಾಡಿನಲ್ಲಿ ಹೆಸರೇ ನಮಗೆ ಮುಳ್ಳಾಯ್ತು. ಹೋಗಲಿ, ಪಾಠ ನೋಡೋಣ. ಪರದೆಯ ಮೇಷ್ಟ್ರು ಪುಸ್ತಕದ ಕನ್ನಡದಲ್ಲಿ ಹೇಳುತ್ತಾ ಹೋದರು, ನಿಲ್ಲಲಿಲ್ಲ. ವಿಟ್ಲದ ಗುಡ್ಡೆಯ ಕಾಲನಿ ಮಗುವಿನ ಮನೆಮಾತು ತುಳು. ಶಾಲೆಯಲ್ಲಾದರೆ ಮಾಸ್ಟ್ರು 'ಅರ್ಥ ಆಂಡಾ?' ಅಂತ ಕೇಳಿ, ಮುಖ ನೋಡಿ, ಇನ್ನೊಮ್ಮೆ ಹೇಳ್ತಾರೆ. ಟಿವಿ ಮುಖ ನೋಡ್ತದಾ? ಆಟಿಯ ಮಳೆಗೆ ಕರೆಂಟು ಹೋದರೆ ಪಾಠವೂ ಹೋಯ್ತು.

ಆಗಸ್ಟಿನ 'ವಿದ್ಯಾಗಮ' ಮಾಸ್ಟ್ರನ್ನೇ ಮಕ್ಕಳಿದ್ದಲ್ಲಿಗೆ ಕಳಿಸಿತು. ಅದನ್ನು ನಾವು ಮೆಚ್ಚುತ್ತೇವೆ. ಆದರೆ ಪಾಠ ಜಗಲಿಯಲ್ಲಿ, ದೇವಸ್ಥಾನದ ಆವರಣದಲ್ಲಿ ಅಂದರು. ಯಾರ ಜಗಲಿ? ಅಜ್ಜ ಅಂಗಳದಲ್ಲೇ ನಿಂತು ಗಂಜಿ ಕುಡಿದ ಮನೆಯ ಚಾವಡಿಗೆ ಮೊಮ್ಮಗಳು ಚೀಲ ಹಿಡಿದು ಹತ್ತಬೇಕಾ? ಹತ್ತಲಿ, ಹತ್ತಲೇಬೇಕು. ಆದರೆ ಆ ಬಾಗಿಲು ತೆರೆಸುವ ಭಾರ ಒಂಬತ್ತು ವರ್ಷದ ಮಗುವಿನ ತಲೆಗಾ? ಯೋಜನೆ ಬರೆದವರಿಗೆ ಈ ಪ್ರಶ್ನೆ ಹೊಳೆದಂತಿಲ್ಲ. ಅಕ್ಟೋಬರಿನಲ್ಲಿ ಅದೂ ನಿಂತಿತು.

ಕುದ್ಮುಲ್ ರಂಗರಾಯರು ೧೮೯೨ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದದ್ದು ಇಂಥ ಜಗಲಿಗಳು ಮುಚ್ಚಿದ್ದರಿಂದಲೇ.